ಗಾ ಭಾಷೆ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಗಂಡನಿಗೆ ಘಾನಾ ದೇಶದ ಅಕ್ರಾದಲ್ಲಿ ಕೆಲಸ ಸಿಕ್ಕಿದೆ, ನಾನೂ ಹೊರಟಿದ್ದೇನೆ. ಇಂಗ್ಲಿಷ್ ಸಾಕು, ಬೇಕಾದರೆ ಅಲ್ಲಿ ಜಾಸ್ತಿ ಜನ ಆಡುವ ಟ್ವಿ ಭಾಷೆ ಕಲಿ, ಗಾ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಲಿತರೆ ಸುಮ್ನೆ ದಂಡವಾ?
- ಓದುಗರು, ಕಲಬುರಗಿ

ಉತ್ತರ: ಖಂಡಿತ ದಂಡ ಅಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಟ್ವಿ ಜಾಸ್ತಿ ಅನ್ನೋದು ನಿಜ. ಆದರೆ ಅಕ್ರಾ ಮೂಲದಲ್ಲಿ ಗಾ ಜನರ ಊರು. 1877ರಲ್ಲಿ ಬ್ರಿಟಿಷರು ಅದನ್ನು ರಾಜಧಾನಿ ಮಾಡಿದರು, ನಾಲ್ಕೂ ದಿಕ್ಕಿನಿಂದ ಜನ ಬಂದು ಸೇರಿದರು, ಕೊನೆಗೆ ಊರಿನವರ ಮಾತೇ ಊರಲ್ಲಿ ಕಡಿಮೆ ಕೇಳುವ ಹಾಗಾಯಿತು. ಅದಕ್ಕೇ ಹೊರಗಿನವರೊಬ್ಬರು ಎರಡು ಮಾತು ಗಾದಲ್ಲಿ ಆಡಿದರೆ ಗಾ ಜನರಿಗೆ ಅಷ್ಟು ಖುಷಿ. ಜೇಮ್ಸ್‌ಟೌನ್, ಓಸು, ಲಾ, ಟೆಶಿ, ನುಂಗುವಾ ಕಡೆ ಹೋಗಿ ನೋಡಿ, ಕಡಲ ದಂಡೆಯ ಮೀನುಗಾರರ ಮನೆಮಾತು ಅದೇ. ಮಂಗಳವಾರ ಬಿಟ್ಟು ಹೋಗಿ. ಆ ದಿನ ಗಾ ಮೀನುಗಾರರು ಕಡಲಿಗೆ ಇಳಿಯುವುದಿಲ್ಲ, ಅದು ಕಡಲಿಗೆ ಬಿಡುವಿನ ದಿನ.

ಮೊದಲು ಕಲಿಯಬೇಕಾದ್ದು ನಮಸ್ಕಾರ. ಬೆಳಗ್ಗೆ ಸಿಕ್ಕವರಿಗೆ 'ಒಜೆಕೋ'. ಹೇಗಿದ್ದೀರಿ ಅನ್ನೋಕೆ 'ತೆ ಒಯೋ ತೆಙ್'. ಉಪಕಾರ ನೆನೆಯೋಕೆ 'ಒಯಿವಾಲಾದೋಙ್'. ಯಾರನ್ನೂ ಮಾತಾಡಿಸದೆ ನೇರವಾಗಿ ರೇಟು ಕೇಳಬೇಡಿ, ಅದು ಅಲ್ಲಿ ಒರಟುತನ. ಕೊಡೋದು, ತಗೊಳ್ಳೋದು, ಉಣ್ಣೋದು ಎಲ್ಲ ಬಲಗೈಯಲ್ಲೇ. ಇದನ್ನು ನಿಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ನಾನು ಎಂಎ ವಿದ್ಯಾರ್ಥಿ. ಗಾ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಬಹುದಾ? ವ್ಯಾಕರಣ ಕಷ್ಟವಾ?
- ಓದುಗರು, ಬೀದರ್

ಉತ್ತರ: ಬರೆದುಕೊಳ್ಳಿ, ಆದರೆ ಬರಹವನ್ನು ಪೂರ್ತಿ ನಂಬಬೇಡಿ. ಗಾದಲ್ಲಿ ದನಿ ಮೇಲೆ, ಕೆಳಗೆ ಆದರೆ ಅರ್ಥವೇ ಬದಲಾಗುತ್ತದೆ, ಮತ್ತು ಈ ಏರಿಳಿತವನ್ನು ಅವರ ದಿನನಿತ್ಯದ ಬರಹದಲ್ಲೂ ಗುರುತು ಹಾಕುವುದಿಲ್ಲ. ಕಿವಿಯಿಂದಲೇ ಹಿಡಿಯಬೇಕು. ಮೊದಲು ಹಾಡಿನ ಹಾಗೆ ಕೇಳಿ, ಆಮೇಲೆ ಅಕ್ಷರ.

ನಮ್ಮ ವರ್ಣಮಾಲೆಯಲ್ಲಿ 'ಙ' ಅಂತ ಒಂದಿದೆ, ಬಾಯಿಪಾಠ ಮಾಡಿ ಮರೆತುಬಿಡುತ್ತೇವೆ. ಗಾದಲ್ಲಿ ಶಬ್ದಗಳು ಅದರಿಂದಲೇ ಶುರುವಾಗುತ್ತವೆ, ಉಪ್ಪಿಗೆ 'ಙೋ' ಅನ್ನುತ್ತಾರೆ. ತೊಂದರೆ ಕೊಡೋದು 'ಕ್ಪ' ಮತ್ತು 'ಗ್ಬ'. ಇವು ನಮ್ಮ ಒತ್ತಕ್ಷರದ ಥರ ಒಂದರ ಹಿಂದೆ ಒಂದು ಬರುವ ದನಿಗಳಲ್ಲ. ತುಟಿ ಮುಚ್ಚಿ, ಅದೇ ಹೊತ್ತಿಗೆ ನಾಲಿಗೆಯ ಹಿಂಭಾಗವನ್ನು ಅಂಗುಳಕ್ಕೆ ಒತ್ತಿ, ಎರಡನ್ನೂ ಒಟ್ಟಿಗೆ ಬಿಡಬೇಕು. ಕನ್ನಡಿ ಮುಂದೆ ನಿಂತು ಮಾಡಿ ನೋಡಿ. 'ಕ' ಕೇಳಿಸಿದ ಮೇಲೆ ತುಟಿ ಮುಚ್ಚಿದರೆ ಅದು ತಪ್ಪು.

ವ್ಯಾಕರಣದಲ್ಲಿ ಒಂದು ಕಡೆ ನಮಗೆ ಅನುಕೂಲವಿದೆ. ಕ್ರಿಯಾಪದ ನಡುವೆ ಬರುತ್ತದೆ, 'ನಾನು ಕುಡಿದೆ ನೀರು' ಅನ್ನುವ ಹಾಗೆ, ಅದಕ್ಕೆ ಒಗ್ಗಿಕೊಳ್ಳಬೇಕು. ಆದರೆ ಒಳಗೆ, ಮೇಲೆ, ಕೆಳಗೆ ಅನ್ನುವ ಶಬ್ದಗಳು ಇಂಗ್ಲಿಷಿನಂತೆ ಮುಂದೆ ಬರದೆ ನಮ್ಮಂತೆ ನಾಮಪದದ ಹಿಂದೆಯೇ ಬರುತ್ತವೆ. 'ತ್ಸು ಲೆ ಮ್ಲಿ' ಅಂದರೆ ಮನೆಯ ಒಳಗೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಎಡವುತ್ತಾರೆ. ನೀವು ಕನ್ನಡದಿಂದಲೇ ನೇರವಾಗಿ ಯೋಚಿಸಿ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. 1858ರಲ್ಲಿ ಗಾ ವ್ಯಾಕರಣ ಅಚ್ಚು ಹಾಕಿಸಿದ ಯೋಹಾನೆಸ್ ಜಿಮ್ಮರ್‌ಮನ್ ಬಾಸೆಲ್ ಮಿಶನ್‌ನವರು. ಅದೇ ಮಿಶನ್‌ನಿಂದ ನಮ್ಮಲ್ಲಿಗೆ ಬಂದವರು ಕಿಟೆಲ್, ಅವರ ಕನ್ನಡ ನಿಘಂಟು 1894ರದು. ನನಗಂತೂ ಈ ನಂಟು ತಿಳಿದ ಮೇಲೆ ಗಾ ದೂರದ ಭಾಷೆ ಅನಿಸಿಲ್ಲ. ಆದರೆ ಕಲಿಯೋಕೆ ಹಳೆಯ ಪುಸ್ತಕ ಬೇಡ. ಲೆಗಾನ್‌ನ ಘಾನಾ ವಿಶ್ವವಿದ್ಯಾಲಯದಲ್ಲಿದ್ದ ಭಾಷಾವಿಜ್ಞಾನಿ ಮೇರಿ ಎಸ್ತರ್ ಕ್ರಾಪ್ ದಾಕುಬು ಅವರ ಗಾ-ಇಂಗ್ಲಿಷ್ ನಿಘಂಟು ಹುಡುಕಿ.

ಪ್ರಶ್ನೆ: ಮಗ-ಸೊಸೆ ಅಕ್ರಾದಲ್ಲಿದ್ದಾರೆ. ಮೇ ತಿಂಗಳಲ್ಲಿ ಮೊಮ್ಮಗುವಿನ ತೊಟ್ಟಿಲ ಕಾರ್ಯ. ಸ್ಪೀಕರ್ ಹಚ್ಚಬಾರದು ಅಂತ ಅಕ್ಕಪಕ್ಕದವರು ಹೇಳಿದ್ದಾರಂತೆ. ಯಾಕೆ?
- ಓದುಗರು, ಯಾದಗಿರಿ

ಉತ್ತರ: ಅವರ ಮಾತು ಕೇಳಿ. ಗಾ ಜನರ ದೊಡ್ಡ ಹಬ್ಬ ಹೋಮೊವೊ. ಅದಕ್ಕೂ ಮುಂಚೆ, ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ, ಪೂಜಾರಿಗಳು ಧಾನ್ಯ ಬಿತ್ತುತ್ತಾರೆ. ಆಮೇಲೆ ಸುಮಾರು ಒಂದು ತಿಂಗಳು ಡೋಲು, ಗದ್ದಲ ಎರಡೂ ಬಂದ್, ಬೆಳೆ ಸದ್ದಿಲ್ಲದೆ ಬೆಳೆಯಲಿ ಅಂತ. ಇದೇ ವಿಷಯಕ್ಕೆ ಅಲ್ಲಿನ ಚರ್ಚುಗಳ ಜೊತೆ ಹಿಂದೆ ಜಗಳಗಳೂ ಆಗಿವೆ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಪ್ರತಿ ವರ್ಷ ಮೊದಲೇ ಹೇಳುತ್ತಾರೆ, ಮಗನಿಗೆ ವಿಚಾರಿಸೋಕೆ ಹೇಳಿ.

ಹಬ್ಬದ ಹೆಸರಿಗೆ ಹಸಿವನ್ನು ಅಣಕಿಸುವುದು ಅಂತ ಅರ್ಥ. ಹಿಂದೆ ಭಾರಿ ಬರ ಬಿದ್ದಿತ್ತು, ಆಮೇಲೆ ಮಳೆ ಬೆಳೆ ಚೆನ್ನಾಗಿ ಆದಾಗ ಜನ ಹಸಿವನ್ನೇ ಗೇಲಿ ಮಾಡಿದರು ಅಂತ ಅವರ ಕಥೆ. ಅಕ್ರಾದ ಹಳೇ ಊರಲ್ಲಿ ಇದು ಆಗಸ್ಟ್‌ನ ಶನಿವಾರ. ಎರಡು ದಿನ ಮೊದಲು, ಗುರುವಾರ, ಹಳ್ಳಿಗಳಿಂದ ಬಂಧುಗಳು ಬೆಳೆ ಹೊತ್ತು ಬರುತ್ತಾರೆ. ಶುಕ್ರವಾರ ಅವಳಿ ಮಕ್ಕಳ ಹಬ್ಬ. ಶನಿವಾರ ಮೆಕ್ಕೆಜೋಳದ ಹಿಟ್ಟನ್ನು ಹುದುಗಿಸಿ, ಬೇಯಿಸಿ, ತಾಳೆ ಎಣ್ಣೆ ಕಲಸಿ 'ಕ್ಪೊಕ್ಪೊಯಿ' ಮಾಡುತ್ತಾರೆ. ಅದನ್ನು ಮುಖ್ಯಸ್ಥರು ಹಿರಿಯರ ಹೆಸರಿನಲ್ಲಿ ಬೀದಿ ಬೀದಿಯಲ್ಲಿ ಚೆಲ್ಲುತ್ತಾ ಹೋಗುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಿಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ಮನೆ ಮನೆಗೆ ಹೋಗಿ ಹಾರೈಸುತ್ತಾರೆ, ಹಳೆಯ ಮನಸ್ತಾಪ ಇದ್ದರೆ ಅವತ್ತು ಮುಗಿಸುತ್ತಾರೆ.

ನಿಮ್ಮ ತೊಟ್ಟಿಲಿಗೆ ನೆರೆಯವರನ್ನು ಖಂಡಿತ ಕರೆಯಿರಿ. ಅವರಲ್ಲೂ ಹುಟ್ಟಿದ ಎಂಟನೇ ದಿನ ನಸುಕಿನಲ್ಲಿ ಮಗುವನ್ನು ಮೊದಲ ಸಲ ಮನೆಯಿಂದ ಹೊರಗೆ ತಂದು ಹೆಸರಿಡುತ್ತಾರೆ, 'ಕ್ಪೊಜಿಯೆಮೊ' ಅಂತ. ಹೆಸರು ತಂದೆಯ ಮನೆತನದ್ದು, ಒಂದು ತಲೆಮಾರಿಗೆ ಒಂದು ಸಾಲು, ಮುಂದಿನ ತಲೆಮಾರಿಗೆ ಇನ್ನೊಂದು. ಹೀಗಾಗಿ ಹೆಸರು ಕೇಳಿದರೆ ಸಾಕು, ಯಾವ ಮನೆಯ ಎಷ್ಟನೇ ಮಗು ಅಂತ ತಿಳಿದವರು ಹೇಳಿಬಿಡುತ್ತಾರೆ. ಅವಳಿ ಗಂಡುಮಕ್ಕಳಾದರೆ ಓಕೊ ಮತ್ತು ಅಕ್ವೆತೆ. ನಿಮ್ಮ ಮೊಮ್ಮಗುವಿನ ಹೆಸರು ಯಾರ ನೆನಪಿಗೆ ಇಟ್ಟದ್ದು ಅಂತ ಅವರು ಕೇಳೇ ಕೇಳುತ್ತಾರೆ, ಬಿಡಿಸಿ ಹೇಳಿ. ಜೋಗುಳವನ್ನು ಮೈಕ್ ಇಲ್ಲದೆ, ಮನೆಯೊಳಗೆ ಮೆಲ್ಲಗೆ ಹಾಡಿ.