ಆರ್‌ಎಸ್‌ಐ ಟೆಸ್ಟ್ ಹಾಕಿದ ಅಣ್ಣನಿಗೆ: ಆ ರೇಟಿಗೆ ನಿಮಗೆ ಸಿಗಲ್ಲ

ಭೀಮಸಮುದ್ರದ ಅಣ್ಣಾ, ನಿಮ್ಮ ಎಕ್ಸೆಲ್ ನೋಡಿದೆ. ಆರ್‌ಎಸ್‌ಐ (ಷೇರು ಬೆಲೆ ಎಷ್ಟು ಜೋರಾಗಿ ಏರಿದೆ, ಇಳಿದಿದೆ ಅಂತ 0ಯಿಂದ 100ರೊಳಗೆ ತೋರಿಸುವ ಅಂಕಿ) 30 ದಾಟಿ ಮೇಲೆ ಬಂದಾಗ ಖರೀದಿ, ಹಳೇ ಬೆಲೆಗಳ ಮೇಲೆ ಟೆಸ್ಟ್ ಮಾಡಿದರೆ 61 ಟ್ರೇಡಿನಲ್ಲಿ 47 ಗೆಲುವು, ಅಡಿಕೆ ದುಡ್ಡು ಹಾಕಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ. ಕೊಂಡ ಬೆಲೆಯ ಕಾಲಂನಲ್ಲಿ ಸಿಗ್ನಲ್ ಬಂದ ದಿನದ ಲೋ, ಅಂದರೆ ಆ ದಿನದ ಅತಿ ಕಡಿಮೆ ಬೆಲೆ ಬರೆದಿದ್ದೀರಲ್ಲ! ಡೈಲಿ ಕ್ಯಾಂಡಲ್ (ಚಾರ್ಟಿನಲ್ಲಿ ಒಂದು ದಿನದ ಬೆಲೆ ತೋರಿಸುವ ಕಡ್ಡಿ) ಮುಗಿಯುವುದು ಮಧ್ಯಾಹ್ನ ಮೂರೂವರೆಗೆ. 30 ದಾಟಿದ್ದು ಗಟ್ಟಿಯಾಗುವುದೂ ಆಗಲೇ. ಆಮೇಲೆ ಲೋ ರೇಟಿಗೆ ಯಾರು ಕೊಡುತ್ತಾರೆ? ಸಂಜೆ ಮಂಡಿಯಲ್ಲಿ ರಾಶಿ ಅಡಿಕೆ ಏರಿದ್ದು ನೋಡಿ, ಬೆಳಗಿನ ರೇಟಿಗೆ ನನಗೂ ಎರಡು ಚೀಲ ಬರೆದುಕೊಳ್ಳಿ ಅಂದ ಹಾಗಾಯ್ತು.

ನಾನೂ ಇದನ್ನೇ ಮಾಡಿದವನು. 2021ರಲ್ಲಿ ಸೂಪರ್‌ಟ್ರೆಂಡ್ (ಏರಿಕೆಗೆ ಹಸಿರು, ಇಳಿಕೆಗೆ ಕೆಂಪು ಗೆರೆ ತೋರಿಸುವ ಸೂಚಕ), ಸೆಟ್ಟಿಂಗ್ 10-3, ಹದಿನೈದು ನಿಮಿಷದ ಚಾರ್ಟ್. ಕ್ಯಾಂಡಲ್ ಓಡುತ್ತಿರುವಾಗ ಹಸಿರಾಯ್ತು, ಕೊಂಡೆ. ಮುಗಿಯುವಷ್ಟರಲ್ಲಿ ಮತ್ತೆ ಕೆಂಪು. ಹಳೇ ಚಾರ್ಟಿನಲ್ಲಿ ಆ ಸುಳ್ಳು ಹಸಿರು ಉಳಿಯುವುದೇ ಇಲ್ಲ, ಹಾಗಾಗಿ ನನ್ನ ಟೆಸ್ಟಿಗೆ ಅದು ಸಿಕ್ಕಿರಲಿಲ್ಲ. ಮೂರು ತಿಂಗಳಲ್ಲಿ 38 ಸಾವಿರ ಹೋಯ್ತು. ಮನೆಯಲ್ಲಿ ಅಂಗಡಿ ಮಾಲಿನ ಬಾಕಿ ಕೊಟ್ಟೆ ಅಂತ ಸುಳ್ಳು ಹೇಳಿದ್ದೆ.

ಆಮೇಲೆ ಮಂಡಿಪೇಟೆಯ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು, ಮುಂದೇನಾಯ್ತು ಅಂತ ಕಾಣದ ಹಾಗೆ ಸ್ಕ್ರೀನಿನ ಬಲಗಡೆಗೆ ಹಳೇ ಕ್ಯಾಲೆಂಡರ್ ರಟ್ಟು ಅಡ್ಡ ಹಿಡಿದೆ. ಒಂದೊಂದೇ ಕ್ಯಾಂಡಲ್ ಸರಿಸುವುದು. ಕೊಳ್ಳಬೇಕಾ ಬೇಡವಾ, ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆಯುವುದು. ಪೆನ್ಸಿಲ್ ಬೇಡ, ಅಳಿಸುತ್ತೀರಿ. ಕೊಂಡ ಬೆಲೆ ಮುಂದಿನ ಕ್ಯಾಂಡಲ್‌ನ ಓಪನ್ (ಶುರುವಿನ ಬೆಲೆ), ನಿಮಗಾದರೆ ಮರುದಿನದ ಓಪನ್. ಈಗ ಚಾರ್ಟ್ ಸೈಟು ಟ್ರೇಡಿಂಗ್‌ವ್ಯೂನಲ್ಲಿ ಒಂದೊಂದೇ ಕ್ಯಾಂಡಲ್ ತೋರಿಸುವ ರಿಪ್ಲೇ ಇದೆ, ರಟ್ಟು ಬೇಕಿಲ್ಲ. ಚಾರ್ಟ್‌ಇಂಕ್ ಸೈಟು ಷೇರು ಹುಡುಕಲು ಒಳ್ಳೆಯದು, ಅದು ತೋರಿಸುವ ಹಳೇ ಸಿಗ್ನಲ್‌ಗಳ ಎಣಿಕೆ ನೋಡಿ ದುಡ್ಡು ಹಾಕಬೇಡಿ.

ಇನ್ನೊಂದು. ನಿಮ್ಮ ಲೆಕ್ಕ 2020ರ ಜೂನ್‌ನಿಂದ ಶುರು. ಅಲ್ಲಿಂದ ಮುಂದೆ ಕಣ್ಣು ಮುಚ್ಚಿ ಕೊಂಡವರೂ ಗೆದ್ದಿದ್ದಾರೆ. ಅದೇ ವರ್ಷ ಮಾರ್ಚ್ 13 ಮತ್ತು 23ರಂದು ಮಾರ್ಕೆಟ್ಟೇ ಲೋವರ್ ಸರ್ಕ್ಯೂಟಿಗೆ (ವ್ಯವಹಾರ ತಡೆಯುವ ಇಳಿಕೆ ಮಿತಿಗೆ) ಬಿದ್ದಿತ್ತು, ಆ ತಿಂಗಳನ್ನೂ ಸೇರಿಸಿ. ಆರ್‌ಎಸ್‌ಐ ಲೆಕ್ಕದ ದಿನ 14ರ ಬದಲು 9, ಖರೀದಿ ಮಟ್ಟ 30ರ ಬದಲು 27 ಅಂತ ತಿರುಚಬೇಕೆಂದಿದ್ದರೆ 2015ರಿಂದ 2019ರ ಡೇಟಾದಲ್ಲಿ ತಿರುಚಿ. ಮುಂದಿನ ವರ್ಷಗಳನ್ನು ಅದೇ ಸೆಟ್ಟಿಂಗಿನಲ್ಲೇ ಟೆಸ್ಟ್ ಮಾಡಿ, ಕೈ ಹಚ್ಚಬಾರದು.

ಬ್ರೋಕರೇಜ್ ಜೀರೋ ಅಂದರೆ ಖರ್ಚೇ ಇಲ್ಲ ಅಂತಲ್ಲ. ಡೆಲಿವರಿಗೆ (ಷೇರು ಕೊಂಡು ಇಟ್ಟುಕೊಳ್ಳುವುದಕ್ಕೆ) ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ ಕೊಳ್ಳುವಾಗ 0.1%, ಮಾರುವಾಗ ಮತ್ತೆ 0.1%. ಮಾರುವಾಗ ಡಿಮ್ಯಾಟ್ ಖಾತೆಯ ಡಿಪಿ ಚಾರ್ಜ್ ಬೇರೆ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20% ತೆರಿಗೆ, 2024ರ ಜುಲೈ 23ರಿಂದ. ಬೋನಸ್, ಸ್ಪ್ಲಿಟ್ ಆಗಿ ಸಂಖ್ಯೆ ಹೆಚ್ಚಿ ಬೆಲೆ ಇಳಿದ ಷೇರಿದ್ದರೆ ಹಳೇ ಬೆಲೆ ಸರಿಹೊಂದಿಸಿದ್ದಾರಾ ನೋಡಿ, ಇಲ್ಲದಿದ್ದರೆ ಒಂದೇ ದಿನ ಅರ್ಧ ಬಿದ್ದಂತೆ ಕಂಡು ಸುಮ್ನೆ ಸಿಗ್ನಲ್ ಬರುತ್ತೆ.

ಕಾಲಂ ಬದಲಿಸಿ ಮತ್ತೆ ಹಾಕಿ, ನೋಡೋಣ. ಅಂದಹಾಗೆ ಸೋತ ಆ 14 ಟ್ರೇಡಿನಲ್ಲಿ ಎಷ್ಟೆಷ್ಟು ಹೋಯ್ತು ಅಂತ ಎಲ್ಲೂ ಬರೆದಿಲ್ಲವಲ್ಲ?