ಆಪ್ತಸಲಹೆ ಪ್ರಕರಣ: ಪ್ರಾಸ್ಟೇಟ್ ದೊಡ್ಡದಾಗಿದೆ, ಆಪರೇಷನ್ನೋ ಮಾತ್ರೆಯೋ?

ಇವರನ್ನು ಮಾಷ್ಟ್ರು ಎಂದೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 67. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಸ್ವಲ್ಪ ಅಡಿಕೆ ತೋಟ ಉಂಟು. ಹೆಂಡತಿ ಮತ್ತು ಬೆಂಗಳೂರಿನಲ್ಲಿರುವ ಮಗನ ಜೊತೆ ಬಂದಿದ್ದರು.

ಫೈಲು ಇದ್ದದ್ದು ಮಗನ ಕೈಯಲ್ಲಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರದಾರಿಯನ್ನು ಸುತ್ತಿಕೊಂಡಿರುವ ಗ್ರಂಥಿ, ಅದರ ಗಾತ್ರ ‘58 ಸಿಸಿ’ ಎಂಬಲ್ಲಿ ಅವನು ಪೆನ್ನಿನಿಂದ ಎರಡು ಗೆರೆ ಎಳೆದಿದ್ದ. “ನಾರ್ಮಲ್ ಅಂದ್ರೆ 20, 25. ಇದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಕಾಯೋದು ಯಾಕೆ? ಲೇಸರ್ ಮಾಡಿಸಿಬಿಡೋಣ” ಎಂದ. ಅವರ ಹೆಂಡತಿಗೆ ಆಪರೇಷನ್ ಎಂದರೆ ಹೆದರಿಕೆ. ಮಾಷ್ಟ್ರ ಅಣ್ಣ ಕೊನೆಯ ಕಾಲದಲ್ಲಿ ಮೂತ್ರದ ಟ್ಯೂಬ್, ಚೀಲ ಹಾಕಿಕೊಂಡೇ ಇದ್ದರಂತೆ. ಅಳಿಯ ಯಾವುದೋ ಕಷಾಯ ಹೇಳಿದ್ದಾರೆ. ಮಂಗಳೂರಿನ ಮೂತ್ರರೋಗ ತಜ್ಞರು ಮಾತ್ರೆಯೂ ಆಗಬಹುದು, ಆಪರೇಷನ್ನೂ ಆಗಬಹುದು, ಯೋಚಿಸಿ ಬನ್ನಿ ಎಂದಿದ್ದರು. ಮನೆಯವರಿಗೆ ತಲೆಬಿಸಿ ಆದದ್ದು ಅಲ್ಲಿಯೇ. ಡಾಕ್ಟ್ರೇ ಎರಡೂ ಆಗಬಹುದು ಎಂದರೆ ನಾವು ಹೇಗೆ ಹೇಳುವುದು?

ಮಾಷ್ಟ್ರು ಮಾತ್ರ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು.

ಡಾಕ್ಟರರ ಆ ಮಾತಿನಲ್ಲಿ ಒಂದು ಸಮಾಧಾನದ ವಿಷಯ ಇದೆ ಎಂದು ಮೊದಲು ಹೇಳಿದೆ. ಆಪರೇಷನ್ ಮಾಡಲೇಬೇಕಾದ ಕಾರಣಗಳು ಬೇರೆಯೇ ಇವೆ. ಮೂತ್ರ ಪೂರ್ತಿ ಕಟ್ಟಿಕೊಂಡು ಮಾತ್ರೆ ಕೊಟ್ಟ ಮೇಲೂ ಟ್ಯೂಬ್ ತೆಗೆಯಲು ಆಗದಿರುವುದು, ಮತ್ತೆ ಮತ್ತೆ ಸೋಂಕು, ಮೂತ್ರಚೀಲದಲ್ಲಿ ಕಲ್ಲು, ನಿಲ್ಲದ ರಕ್ತ, ಕಿಡ್ನಿಗೆ ಪೆಟ್ಟು. ಮಾಷ್ಟ್ರಿಗೆ ಇದು ಯಾವುದೂ ಇರಲಿಲ್ಲ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಸರಿ ಇತ್ತು. ಮೂತ್ರ ಮಾಡಿದ ಮೇಲೆ ಒಳಗೆ ಉಳಿಯುವುದು 70 ಮಿಲಿ, ಗಾಬರಿ ಬೀಳುವಷ್ಟಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆ ಪಿಎಸ್‌ಎ 2.6, ಅದೂ ಹೆದರುವಷ್ಟಲ್ಲ. ಪ್ರಾಸ್ಟೇಟ್ ಹೀಗೆ ದೊಡ್ಡದಾಗುವುದು ಕ್ಯಾನ್ಸರ್ ಅಲ್ಲ, ಮುಂದೆ ಅದೇ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಇದನ್ನು ಕೇಳಿದಾಗ ಅಮ್ಮನವರ ಮುಖ ಸ್ವಲ್ಪ ಸಡಿಲಾಯಿತು.

ಮಗನಿಗೆ ಸಿಸಿಯ ಮಾತು ಬಿಡಿಸಿ ಹೇಳಬೇಕಾಯಿತು. ಗ್ರಂಥಿಯ ಗಾತ್ರಕ್ಕೂ ತೊಂದರೆಗೂ ನೇರ ಲೆಕ್ಕ ಇಲ್ಲ. 80 ಸಿಸಿ ಇದ್ದೂ ಆರಾಮಾಗಿ ಇರುವವರಿದ್ದಾರೆ, 35ಕ್ಕೇ ಒದ್ದಾಡುವವರಿದ್ದಾರೆ. ಯಾವ ಔಷಧ, ಯಾವ ಬಗೆಯ ಆಪರೇಷನ್ ಎಂದು ಆರಿಸುವಾಗ ಗಾತ್ರ ಬೇಕು. ಆಪರೇಷನ್ ಬೇಕೇ ಬೇಡವೇ ಎಂಬುದಕ್ಕೆ ಅದೊಂದೇ ಸಾಕಾಗುವುದಿಲ್ಲ. ಅದಕ್ಕೆ ಮಾಷ್ಟ್ರೇ ಬಾಯಿ ಬಿಡಬೇಕು.

ಈ ತೊಂದರೆ ಅಳೆಯಲು ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ, 35 ಅಂಕ. ಮಾಷ್ಟ್ರಿಗೆ 17 ಬಂತು, ಅಂದರೆ ಮಧ್ಯಮ. ನನಗೆ ಹೆಚ್ಚು ಬೇಕಾದದ್ದು ಕೊನೆಗೆ ಕೇಳುವ ಎಂಟನೆಯದು: ಈಗ ಇರುವ ಹಾಗೆಯೇ ಉಳಿದ ಕಾಲ ಕಳೆಯಬೇಕಾದರೆ ನಿಮಗೆ ಹೇಗನಿಸುತ್ತದೆ? ಮಾಷ್ಟ್ರು ಸ್ವಲ್ಪ ಹೊತ್ತು ಬಿಟ್ಟು, “ತಾಳಮದ್ದಳೆಗೆ ಹೋಗುವುದು ಬಿಟ್ಟಿದ್ದೇನೆ. ಅರ್ಥ ಹೇಳುತ್ತಾ ಇರುವಾಗ ನಡುವಲ್ಲಿ ಎದ್ದು ಹೋಗ್ಲಿಕ್ಕೆ ಆಗ್ತದಾ? ರಾತ್ರಿ ನಾಲ್ಕು ಸಲ ಏಳ್ತೇನೆ. ಬೆಳಗ್ಗೆ ತೋಟಕ್ಕೆ ಹೋಗುವಾಗ ತಲೆ ತಿರುಗಿದ ಹಾಗೆ” ಎಂದರು. ಮನೆಯವರಿಗೆ ತಾಳಮದ್ದಳೆಯ ಕಾರಣ ಆವತ್ತೇ ಗೊತ್ತಾದದ್ದು. ಆಸಕ್ತಿ ಹೋಗಿದೆ ಎಂದುಕೊಂಡಿದ್ದರಂತೆ.

ಮೂರು ದಿನ ಮೂತ್ರದ ಲೆಕ್ಕ ಬರೆದು ತರಲು ಹೇಳಿದೆ. ಅಳತೆಗೆರೆ ಇರುವ ಒಂದು ಪ್ಲಾಸ್ಟಿಕ್ ಮಗ್, ಒಂದು ನೋಟ್‌ಬುಕ್. ಎಷ್ಟು ಗಂಟೆಗೆ, ಎಷ್ಟು ಮಿಲಿ, ಏನು ಕುಡಿದದ್ದು. ಈ ಕೆಲಸ ಹೇಳಿದರೆ ಹಲವರಿಗೆ ನಾಚಿಕೆ, ಅರ್ಧಕ್ಕೆ ಬಿಡುತ್ತಾರೆ. ಮಾಷ್ಟ್ರು ಹಾಜರಿ ಪುಸ್ತಕದ ಹಾಗೆ ಗೆರೆ ಹಾಕಿ ತಂದರು.

ಅದರಲ್ಲಿ ಕಂಡದ್ದು ಇದು. ಇಡೀ ದಿನದಲ್ಲಿ ಸುಮಾರು 1900 ಮಿಲಿ. ಅದರಲ್ಲಿ 850 ಬರೀ ರಾತ್ರಿ ಮಲಗಿದ ಮೇಲಿನದು! ಈ ವಯಸ್ಸಿನಲ್ಲಿ ರಾತ್ರಿಯ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ ಆದರೆ, ದೇಹ ರಾತ್ರಿ ಹೊತ್ತು ಮೂತ್ರವನ್ನೇ ಹೆಚ್ಚು ಮಾಡುತ್ತಿದೆ ಎಂದರ್ಥ. ಅದು ಪ್ರಾಸ್ಟೇಟಿನ ತಪ್ಪಲ್ಲ. ಲೇಸರಲ್ಲಿ ಗ್ರಂಥಿ ತೆಗೆದರೂ ಅಷ್ಟು ಮೂತ್ರ ಹೊರಗೆ ಹೋಗಲೇಬೇಕಲ್ಲ? ಆಪರೇಷನ್ ಆದವರಲ್ಲಿಯೂ ಪೂರ್ತಿ ಗುಣವಾಗದೆ ಉಳಿಯುವ ದೂರು ಹೆಚ್ಚಾಗಿ ಈ ರಾತ್ರಿ ಏಳುವುದೇ.

ಕಾರಣ ಅದೇ ನೋಟ್‌ಬುಕ್‌ನಲ್ಲಿತ್ತು. ಸಂಜೆ ಆರಕ್ಕೆ ಚಾ. ರಾತ್ರಿ ಎಂಟೂವರೆಗೆ ಕುಚ್ಚಲಕ್ಕಿ ಗಂಜಿ, ತಿಳಿ ಸಮೇತ ದೊಡ್ಡ ಬಟ್ಟಲು. ಮಲಗುವಾಗ ಒಂದು ಚೆಂಬು ನೀರು. ರಾತ್ರಿ ಊಟ ಆದ ಮೇಲೆ ಬಿಪಿ ಮಾತ್ರೆ, ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ. ಸಂಜೆಗೆ ಕಾಲು ಸ್ವಲ್ಪ ಊದುತ್ತದೆ. ಮಲಗಿದಾಗ ಆ ನೀರೂ ಇಳಿದು ಬರುತ್ತದೆ. ಇನ್ನೊಂದು ಕಡೆ, ಪೇಟೆಗೆ ಹೋಗುವ ದಿನ ಬೆಳಗ್ಗಿನಿಂದ ನೀರೇ ಕುಡಿಯದೆ ಇರುತ್ತಿದ್ದರು.

ನಾನು ಹೇಳಿದ ಮೊದಲ ಸಲಹೆ ಇಷ್ಟೇ. ಗಂಜಿ ಬೆಳಗ್ಗೆಗೆ ಬರಲಿ, ರಾತ್ರಿ ಅನ್ನವೋ ಚಪಾತಿಯೋ. ನೀರು ಹಗಲಿನಲ್ಲಿ ಧಾರಾಳ, ಮಲಗುವ ಎರಡು ಮೂರು ಗಂಟೆ ಮುಂಚೆ ಕಡಿಮೆ. ಮಧ್ಯಾಹ್ನ ಊಟ ಆದ ಮೇಲೆ ಸ್ವಲ್ಪ ಹೊತ್ತು ಕಾಲು ಮೇಲಿಟ್ಟು ಮಲಗಿ. ಬಿಪಿ ಮಾತ್ರೆ ಬೆಳಗ್ಗೆ ತಗೊಳ್ಳಬಹುದೇ ಎಂದು ಕೊಟ್ಟ ಡಾಕ್ಟರರನ್ನೇ ಕೇಳಿ, ನೀವಾಗಿ ಬದಲಿಸಬೇಡಿ.

ಆಮೇಲೆ ಅಮ್ಮನವರೂ ಮಗನೂ ಹೊರಗೆ ಹೋದ ಹೊತ್ತು ನೋಡಿ ಮಾಷ್ಟ್ರು ಕೇಳಿದರು: “ಆಪರೇಷನ್ ಆದರೆ ಗಂಡ ಹೆಂಡತಿ ವಿಷಯ... ಅದು ಮುಗಿಯಿತಾ?” ಅವರ ಮೌನಕ್ಕೆ ಅರ್ಧ ಕಾರಣ ಇದು. ಮಗನ ಎದುರು ಯಾವ ಅಪ್ಪ ಕೇಳಿಯಾನು? ಮಂಗಳೂರಿನಲ್ಲಿ ಡಾಕ್ಟರರ ಹತ್ತಿರವೂ ಇದೇ ಕಾರಣಕ್ಕೆ ಕೇಳಿರಲಿಲ್ಲ.

ನೇರವಾಗಿಯೇ ಹೇಳಿದೆ. ಮೂತ್ರದಾರಿಯಿಂದಲೇ ಉಪಕರಣ ಹಾಕಿ ಗ್ರಂಥಿಯ ಒಳಭಾಗ ಕೆರೆದು ತೆಗೆಯುವುದು ಟರ್ಪ್. ಲೇಸರಿನಿಂದ ಒಳಗಿನ ಗಡ್ಡೆಯನ್ನೇ ಬಿಡಿಸಿ ತೆಗೆಯುವುದು ಹೋಲೆಪ್. ಎರಡರಲ್ಲೂ ಹೊರಗೆ ಗಾಯ ಇಲ್ಲ, ಟ್ಯೂಬ್ ಸಾಮಾನ್ಯವಾಗಿ ಒಂದೆರಡು ದಿನ. ಅಣ್ಣನವರಂತೆ ಕೊನೆಯವರೆಗೆ ಚೀಲ ಕಟ್ಟಿಕೊಳ್ಳುವುದು ಈ ಆಪರೇಷನ್ನಿನ ಪರಿಣಾಮ ಅಲ್ಲ. ಕೆಲವು ವಾರ ಅವಸರ, ಸ್ವಲ್ಪ ಸೋರುವುದು ಇರಬಹುದು. ಶಾಶ್ವತವಾಗಿ ಸೋರುವುದು ಅಪರೂಪ. ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬರದೆ ಮೂತ್ರಚೀಲಕ್ಕೆ ಹೋಗುತ್ತದೆ. ಅದರಿಂದ ಅಪಾಯ ಇಲ್ಲ. ಆಸೆ, ಗಡಸುತನ ಸಾಮಾನ್ಯವಾಗಿ ಮೊದಲಿನ ಹಾಗೆಯೇ ಉಳಿಯುತ್ತವೆ. 58 ಸಿಸಿಗೆ ಎರಡೂ ವಿಧಾನ ಚೆನ್ನಾಗಿ ಕೆಲಸ ಮಾಡುತ್ತವೆ. ಲೇಸರ್ ಎಂಬ ಹೆಸರು ನೋಡುವುದಕ್ಕಿಂತ ಮಾಡುವ ಡಾಕ್ಟರರ ಕೈ ಯಾವುದರಲ್ಲಿ ಪಳಗಿದೆ ಎಂದು ಕೇಳುವುದು ಒಳ್ಳೆಯದು.

ಮಾತ್ರೆಗಳಿಗೂ ಅಡ್ಡ ಪರಿಣಾಮ ಇದೆ. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ದಾರಿ ಸಡಿಲ ಮಾಡುತ್ತದೆ, ಗ್ರಂಥಿ ಕುಗ್ಗಿಸುವುದಿಲ್ಲ. ಎದ್ದು ನಿಂತಾಗ ತಲೆ ತಿರುಗಬಹುದು, ವೀರ್ಯ ಕಡಿಮೆ ಬರಬಹುದು. ಡುಟಾಸ್ಟರೈಡ್ ಗ್ರಂಥಿಯನ್ನೇ ಸುಮಾರು ಕಾಲು ಭಾಗ ಕುಗ್ಗಿಸುತ್ತದೆ, ಮುಂದೆ ಮೂತ್ರ ಕಟ್ಟುವ ಸಂಭವ ಇಳಿಸುತ್ತದೆ. ಆದರೆ ಗುಣ ಕಾಣಲು ಆರು ತಿಂಗಳಾದರೂ ಬೇಕು, ಕೆಲವರಲ್ಲಿ ಆಸೆ ತಗ್ಗುತ್ತದೆ. ಪಿಎಸ್‌ಎ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಕಾರಣ ಮುಂದೆ ರಿಪೋರ್ಟ್ ಓದುವವರಿಗೆ ಈ ಮಾತ್ರೆಯ ವಿಷಯ ಹೇಳಲೇಬೇಕು. ಕಷಾಯಕ್ಕೆ ಗ್ರಂಥಿ ಕುಗ್ಗಿಸುವ ಶಕ್ತಿ ಇದೆ ಎನ್ನಲು ಒಳ್ಳೆಯ ಆಧಾರ ಇಲ್ಲ. ಕುಡಿಯುವುದಾದರೆ ಡಾಕ್ಟರರಿಗೆ ಮುಚ್ಚಿಡಬೇಡಿ.

ಮಾತಿನ ನಡುವೆ ಇನ್ನೊಂದು ಹೊರಬಂತು. ಮುಂದಿನ ತಿಂಗಳು ಮಾಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್. ಟ್ಯಾಮ್ಸುಲೋಸಿನ್ ತಗೊಂಡವರಲ್ಲಿ ಆ ಹೊತ್ತಿಗೆ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ತೊಂದರೆ ಕೊಡಬಹುದು. ಮಾತ್ರೆ ನಿಲ್ಲಿಸಿದರೂ ಆ ಪರಿಣಾಮ ಉಳಿಯಬಹುದು. ಅವಸರ ಇಲ್ಲದಿದ್ದರೆ ಕಣ್ಣು ಮೊದಲು ಮುಗಿಸಿ ಮಾತ್ರೆ ಶುರು ಮಾಡಬಹುದೇ ಎಂದು ಇಬ್ಬರು ಡಾಕ್ಟರರನ್ನೂ ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ. ಇಬ್ಬರೂ ಒಪ್ಪಿದರು.

ಮನೆಯವರೆಲ್ಲರಿಗೂ ಒತ್ತಿ ಹೇಳಿದ ಮಾತು: ಮೂತ್ರ ಪೂರ್ತಿ ನಿಂತು ಹೊಟ್ಟೆ ಕೆಳಗೆ ನೋವು ಬಂದರೆ ಮಂಗಳೂರಿಗೆ ಓಡಬೇಡಿ. 2020ರ ಕೊರೋನಾ ಕಾಲದಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಟ್ಯೂಬ್ ಹಾಕುವ ಕೆಲಸ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ಆಗುತ್ತದೆ, ಅಲ್ಲಿ ಮಲಯಾಳದಲ್ಲಿ ಹೇಳಬೇಕಾದ ನಾಲ್ಕು ವಾಕ್ಯ ಬರೆದಿಟ್ಟುಕೊಳ್ಳಿ. ಸಹಿ ಹಾಕುವ ಫಾರ್ಮ್ ಓದಲು ಬಾರದಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ಮಳೆಗಾಲದಲ್ಲಿ ಶೀತಕ್ಕೆಂದು ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ. ಮೂಗು ಬಿಡಿಸುವ ಕೆಲವು ಮಾತ್ರೆಗಳು ಇಂಥವರಿಗೆ ಮೂತ್ರ ಕಟ್ಟಿಸುತ್ತವೆ.

ಗಂಜಿಯ ಹೊತ್ತು, ಬಿಪಿ ಮಾತ್ರೆಯ ಹೊತ್ತು ಬದಲಾದ ಮೇಲೆ ರಾತ್ರಿ ಏಳುವುದು ನಾಲ್ಕರಿಂದ ಎರಡಕ್ಕೆ ಇಳಿಯಿತು. ಕಣ್ಣಿನ ಆಪರೇಷನ್ ಆದ ಮೇಲೆ ಟ್ಯಾಮ್ಸುಲೋಸಿನ್ ಶುರುವಾಯಿತು. ಡುಟಾಸ್ಟರೈಡ್ ಸದ್ಯಕ್ಕೆ ಬೇಡ ಎಂದು ಮಾಷ್ಟ್ರೇ ತಜ್ಞರಿಗೆ ಕಾರಣ ಸಮೇತ ಹೇಳಿದರು. ತಜ್ಞರು ಒಪ್ಪಿ, ಮೂರು ತಿಂಗಳಿಗೆ ಮೂತ್ರದ ವೇಗ ಮತ್ತು ಉಳಿಕೆ ನೋಡೋಣ ಎಂದಿದ್ದಾರೆ.

ಮಗ ಬೆಂಗಳೂರಿನಿಂದ ಫೋನ್ ಮಾಡಿ, “ಹಾಗಾದ್ರೆ ಆಪರೇಷನ್ ಬೇಡ್ವೇ ಬೇಡ್ವಾ?” ಎಂದು ಕೇಳಿದ. ಬೇಡ ಎಂದು ಯಾರೂ ಹೇಳಿಲ್ಲ ಎಂದೆ. ಉಳಿಕೆ ಏರುತ್ತಾ ಹೋದರೆ, ಸೋಂಕು ಮರುಕಳಿಸಿದರೆ, ಕಿಡ್ನಿ ರಿಪೋರ್ಟ್ ಕೆಟ್ಟರೆ ತಡ ಮಾಡಬಾರದು. ಅದೆಲ್ಲ ಇಲ್ಲದೆಯೂ, ಮಾತ್ರೆ ತಗೊಂಡು ಸಾಕಾಯಿತು, ಆಪರೇಷನ್ನೇ ಆಗಲಿ ಎಂದು ಅಪ್ಪ ಹೇಳಿದರೆ ಅದೂ ಸರಿಯಾದ ಕಾರಣವೇ. ಅಲ್ಲಿಯವರೆಗೆ ಫೈಲು ಅಪ್ಪನ ಹತ್ತಿರವೇ ಇರಲಿ ಎಂದೆ.