ಅತ್ತೆಯ ಕೋಣೆಗೆ ನವಿಲುನೀಲಿಯೋ, ಗಂಧದ ಬಣ್ಣವೋ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಹಿಂದಿನ ಕೋಣೆಗೆ ಬಣ್ಣ ಹೊಡೆಸಬೇಕು. ಉತ್ತರಕ್ಕೆ ಒಂದೇ ಕಿಟಕಿ, ಆಚೆ ಅಡಿಕೆ ತೋಟ. ನೆಲ ರೆಡ್ ಆಕ್ಸೈಡ್. ನನಗೆ ನವಿಲುನೀಲಿ ಇಷ್ಟ, ನಮ್ಮನೆಯವರು ಗಂಧದ ಬಣ್ಣ ಅಂತಾರೆ. ಅಲ್ಲಿ ಮಲಗುವವರು 78 ವರ್ಷದ ಅತ್ತೆ. ಕಣ್ಣು ಸ್ವಲ್ಪ ಮಂಜು. ಯಾವುದು ಹೊಡೆಸಲಿ?

ಉತ್ತರ: ಗಂಧದ ಬಣ್ಣವನ್ನೇ ಹೊಡೆಸಿ, ನಾಲ್ಕೂ ಗೋಡೆಗೆ. ನವಿಲುನೀಲಿ ಚೆಂದವೇ, ಆದರೆ ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಉತ್ತರದ ಕಿಟಕಿಗೆ ವರ್ಷದಲ್ಲಿ ಹೆಚ್ಚು ದಿನ ನೇರ ಬಿಸಿಲಿಲ್ಲ. ಸೂರ್ಯ ಆ ಕಡೆ ವಾಲುವ ಜೂನ್, ಜುಲೈನಲ್ಲಿ ನಿಮ್ಮ ಕಡೆ ಮಳೆ ಹಿಡಿದಿರುತ್ತದೆ, ಅಲ್ವಾ?

ಹಾಗಂತ ಶೇಡ್ ಕಾರ್ಡ್ ನೋಡಿ ಸುಮ್ನೆ ಒಂದರ ಮೇಲೆ ಬೆರಳಿಡಬೇಡಿ. ಒಂದು ಬಿಳಿ ಹಾಳೆಯನ್ನು ಕಿಟಕಿ ಪಕ್ಕದ ಗೋಡೆಗೆ ಹಿಡಿದು ನೋಡಿ. ತೋಟದ ಹಸಿರು ಅದರ ಮೇಲೆ ತೆಳ್ಳಗೆ ಕೂತಿರುತ್ತದೆ. ಅದನ್ನೇ ನೆಲದ ಹತ್ತಿರ ತನ್ನಿ, ಕೆಳಗಿನ ಅಂಚು ಕೆಂಪಗಾಗುತ್ತದೆ. ಗೋಡೆಗೂ ಆಗುವುದು ಇದೇ. ಹಸಿರಿನ ಕಡೆಗಿರುವ ಕ್ರೀಮ್ ಹೊಡೆಸಿದರೆ ಕಿಟಕಿ ಪಕ್ಕದ ಗೋಡೆ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ. ಚೂರು ಕೆಂಪು ಬೆರೆತ ಗಂಧ ಆರಿಸಿ.

ಅಂಗಡಿಯಲ್ಲಿ ಸ್ಯಾಂಪಲ್ ಡಬ್ಬಿ ಕೇಳಿ. ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಗೋಡೆಗೆ ಅಂಟಿಸಿ. ಗೋಡೆಗೆ ಹೊಡೆಯುವ ಎಮಲ್ಷನ್ ಬಣ್ಣ ಒಣಗಿದಾಗ ಒಂದಿಷ್ಟು ಗಾಢವಾಗುತ್ತದೆ. ರಾತ್ರಿ ಲೈಟ್ ಹಾಕಿಯೂ ನೋಡಿ. 6500 ಕೆಲ್ವಿನ್ ಬಲ್ಬಿನ ಬಿಳಿ ಬೆಳಕಲ್ಲಿ ಗಂಧ ಸಪ್ಪೆ ಹೊಡೆಯುತ್ತದೆ, 3000 ಕೆಲ್ವಿನ್‌ನದರಲ್ಲಿ ಬೆಚ್ಚಗೆ ಕಾಣುತ್ತದೆ. ಬೆಳಕಿನ ಬಣ್ಣ ಹೇಳುವ ಈ ಕೆಲ್ವಿನ್ ಸಂಖ್ಯೆ ಬಲ್ಬಿನ ಡಬ್ಬಿ ಮೇಲೇ ಇರುತ್ತದೆ. ಅತ್ತೆಯವರಿಗೂ ಶೀಟ್ ತೋರಿಸಿ, ಅವರ ಮಾತೇ ಕೊನೆಯದಾಗಲಿ.

ನಿಮ್ಮ ನವಿಲುನೀಲಿಗೂ ಅಲ್ಲಿ ಕೆಲಸವಿದೆ. ಬಾಗಿಲ ಚೌಕಟ್ಟಿಗೆ, ಸ್ವಿಚ್ ಬೋರ್ಡಿನ ಸುತ್ತ ಎರಡಿಂಚು ಪಟ್ಟಿಗೆ ಅದನ್ನೇ ಹೊಡೆಸಿ. ತಿಳಿ ಗೋಡೆಯಲ್ಲಿ ಗಾಢ ಅಂಚಿದ್ದರೆ ಮಂಜುಗಣ್ಣಿಗೂ ಬೇಗ ಸಿಗುತ್ತದೆ. ನಮ್ಮಮ್ಮನ ಕೋಣೆಯಲ್ಲಿ ಹೀಗೇ ಮಾಡಿಸಿದ್ದೇನೆ, ಸ್ವಿಚ್ಚಿಗಾಗಿ ಗೋಡೆ ತಡಕುವುದು ನಿಂತಿದೆ. ಚೌಕಟ್ಟು ಹಲಸಿನ ಮರದ್ದಾದರೆ ಮಾತ್ರ ದಯವಿಟ್ಟು ಬಣ್ಣ ಬಳಿಯಬೇಡಿ. ಪಾಲಿಶ್ ಮಾಡಿಸಿ, ಗಂಧದ ಗೋಡೆಯಲ್ಲಿ ಅದೇ ಎದ್ದು ಕಾಣುತ್ತದೆ.

ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಮಳೆಗಾಲದ ತೇವ ಆರದ ಗೋಡೆಗೆ ಹೊಡೆದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ವಾಸನೆ ಹೋಗುವವರೆಗೆ ಅತ್ತೆಯವರಿಗೆ ಬೇರೆ ಕೋಣೆಯಲ್ಲಿ ಹಾಸಿಗೆ ಹಾಕಿ.